ಶಾಲೆಯ ಸ್ಮರಣ ಸಂಚಿಕೆ ಅಚ್ಚು ಹಾಕಿಸಲು ತುಮಕೂರಿನಲ್ಲಿ ಪ್ರೆಸ್ ಆರಿಸುವುದು ಹೇಗೆ?

ನೀವು ಕೇಳಿರುವುದು ಇಷ್ಟು: ಶಾಲೆಗೆ ಐವತ್ತು ವರ್ಷ ತುಂಬಿದ ಸ್ಮರಣ ಸಂಚಿಕೆ, ಎ4 ಅಳತೆ, ಸುಮಾರು 130 ಪುಟ, 1000 ಪ್ರತಿ. ತುಮಕೂರಿನ ಎರಡು ಪ್ರೆಸ್‌ಗಳೂ ಬೆಂಗಳೂರಿನ ಒಂದು ಪ್ರೆಸ್ಸೂ ದರಪಟ್ಟಿ ಕೊಟ್ಟಿವೆ. ಕಡಿಮೆ ದರ ಹೇಳಿದ ಬೆಂಗಳೂರಿನವರಿಗೇ ಕೊಟ್ಟುಬಿಡಬಹುದೇ?

ದಯವಿಟ್ಟು ಈಗಲೇ ಮಾತು ಕೊಡಬೇಡಿ. ಮೊದಲು ಮೂವರಿಗೂ ಒಂದೇ ಪುಟದ ಕೆಲಸ ಕೊಡಿ. ಆ ಪುಟದಲ್ಲಿ ದಾನಿಗಳ ಹೆಸರುಗಳ ಪಟ್ಟಿಯ ಒಂದು ತುಂಡು ಇರಲಿ, ಹಳೆಯ ಗುಂಪು ಚಿತ್ರ ಒಂದಿರಲಿ, ‘ಸ್ವಾತಂತ್ರ್ಯ’, ‘ರಾಷ್ಟ್ರೀಯ’, ‘ಮೂರ್ತಿ’ಯಂಥ ಒತ್ತಕ್ಷರ, ಅರ್ಕಾವತ್ತು ತುಂಬಿದ ನಾಲ್ಕು ಸಾಲು ಇರಲಿ. ಪುಟ ಕಟ್ಟಿ, ಕಾಗದದ ಮೇಲೆ ಪ್ರೂಫ್ ತೆಗೆದುಕೊಡಲು ಹೇಳಿ. ಅದರ ಖರ್ಚನ್ನು ನೀವೇ ಕೊಡಿ.

ಇದನ್ನು ನಾನು ನೋವುಂಡು ಕಲಿತೆ. ನಮ್ಮ ಸಹಕಾರ ಸಂಘದ ಸಂಚಿಕೆಯ ಹೊಣೆ ನನ್ನ ಮೇಲಿತ್ತು. ನಾವು ಬೆರಳಚ್ಚು ಮಾಡಿದ್ದು ಈಗ ಫೋನು, ಕಂಪ್ಯೂಟರ್‌ಗಳೆಲ್ಲ ಬಳಸುವ ಅಕ್ಷರ ಸಂಕೇತವಾದ ಯೂನಿಕೋಡ್‌ನಲ್ಲಿ. ಪ್ರೆಸ್‌ನವರು ಪುಟ ಕಟ್ಟುತ್ತಿದ್ದುದು ಹಳೆಯ ತಂತ್ರಾಂಶದಲ್ಲಿ, ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಆಸ್ಕಿ ಅಕ್ಷರಗಳಲ್ಲಿ; ಒಂದರದ್ದು ಇನ್ನೊಂದಕ್ಕೆ ಬರಬೇಕಾದರೆ ಪರಿವರ್ತಿಸಲೇಬೇಕು. ಲೇಖನಗಳ ಕರಡನ್ನು ಮೂರು ಸಲ ತಿದ್ದಿದೆವು. ದಾನಿಗಳ ಪಟ್ಟಿ ಮಾತ್ರ ಕೊನೆಯ ದಿನ ವಾಟ್ಸಾಪ್‌ನಲ್ಲಿ ಹೋಯಿತು. ಅವರು ಅದನ್ನು ಪರಿವರ್ತಿಸಿ ಪುಟಕ್ಕೆ ಸುರಿದರು, ನಾವು ನೋಡಲಿಲ್ಲ. ಆಸ್ಕಿ ಅಕ್ಷರಗಳಲ್ಲಿ ಅರ್ಕಾವತ್ತು ಬೇರೆಯೇ ಒಂದು ಚಿಹ್ನೆ. ಪರಿವರ್ತನೆಯಲ್ಲಿ ಅದು ಬಿದ್ದುಹೋಗಿತ್ತು. ಪಟ್ಟಿಯಲ್ಲಿದ್ದ ‘ಮೂರ್ತಿ’ಗಳೆಲ್ಲ ‘ಮೂತಿ’ ಆಗಿದ್ದರು. ಬಿಡುಗಡೆಯ ದಿನ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು ಬೆರಳಿಟ್ಟು ಸಾಲು ಸಾಲಾಗಿ ಹುಡುಕುತ್ತ ಬಂದು, ತಮ್ಮ ಹೆಸರಿನ ಮೇಲೆ ಬೆರಳು ನಿಲ್ಲಿಸಿ, ಏನೂ ಹೇಳದೆ ಪುಸ್ತಕ ಮುಚ್ಚಿದರು. ತಿದ್ದುಪಡಿಯ ಚೀಟಿ ಮಾಡಿಸಿ ಅಂಟಿಸುವ ಹೊತ್ತಿಗೆ ಅರ್ಧಕ್ಕರ್ಧ ಪ್ರತಿಗಳು ಮನೆ ಸೇರಿದ್ದವು. ಆ ಬೆರಳು ಇಂದಿಗೂ ನನ್ನ ಕಣ್ಣ ಮುಂದಿದೆ.

ಆದ್ದರಿಂದ ಯಂತ್ರ ನೋಡುವ ಮೊದಲು ಡಿಟಿಪಿ (ಕಂಪ್ಯೂಟರ್‌ನಲ್ಲಿ ಪುಟ ಕಟ್ಟುವ ಕೆಲಸ) ಮಾಡುವವರ ಪಕ್ಕ ಹತ್ತು ನಿಮಿಷ ಕುಳಿತುಕೊಳ್ಳಿ. ಯೂನಿಕೋಡ್ ಕಡತವನ್ನು ಹಾಗೆಯೇ ಬಳಸುತ್ತಾರೆಯೇ, ಪರಿವರ್ತಿಸುತ್ತಾರೆಯೇ ಎಂದು ಕೇಳಿ. ಪರಿವರ್ತಿಸಿದರೂ ತೊಂದರೆಯಿಲ್ಲ, ಆದರೆ ಆಮೇಲೆ ಒಮ್ಮೆ ಪೂರ್ತಿ ಓದಲೇಬೇಕು. ಮುಂದಿನ ಸಂಚಿಕೆಗೆ ನಾನು ಆರಿಸಿದ ಪ್ರೆಸ್‌ನ ಹುಡುಗಿ ಮಾದರಿ ಪುಟ ನೋಡುತ್ತಲೇ, “ಸರ್, ಈ ಹೆಸರು ಒಂದು ಕಡೆ ಹ್ರಸ್ವ, ಇನ್ನೊಂದು ಕಡೆ ದೀರ್ಘ ಇದೆ, ಯಾವುದು ಸರಿ?” ಎಂದು ಕೇಳಿದಳು. ಅಲ್ಲಿಗೇ ಕೊಟ್ಟೆ. ಅವರ ದರ ಎಲ್ಲಕ್ಕಿಂತ ಕಡಿಮೆಯದಲ್ಲ, ಎರಡನೆಯದಾಗಿತ್ತು.

ಇನ್ನು ದರದ ಮಾತು. ಮೂರೂ ದರಪಟ್ಟಿಗಳಲ್ಲಿ ಕಾಗದ ಒಂದೇ ಇದೆಯೇ ನೋಡಿದ್ದೀರಾ? ‘ಒಳ್ಳೆಯ ಕಾಗದ’ ಎಂದು ಬರೆದಿದ್ದರೆ ಒಪ್ಪಬೇಡಿ. ‘ಒಳಪುಟ 80 ಜಿಎಸ್‌ಎಂ ಮ್ಯಾಪ್ಲಿಥೋ, ರಕ್ಷಾಪುಟ 300 ಜಿಎಸ್‌ಎಂ ಆರ್ಟ್ ಕಾರ್ಡ್’ ಎಂದು ನೀವೇ ಬರೆದುಕೊಟ್ಟು ಮತ್ತೆ ದರ ಕೇಳಿ. ಜಿಎಸ್‌ಎಂ ಎಂದರೆ ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ; ಮ್ಯಾಪ್ಲಿಥೋ ಹೊಳಪಿಲ್ಲದ ಅಚ್ಚು ಕಾಗದ, ಆರ್ಟ್ ಕಾರ್ಡ್ ನುಣುಪು ಲೇಪನದ ದಪ್ಪ ಕಾಗದ. ಪುಟಗಳನ್ನು 128ಕ್ಕೆ ಇಳಿಸಿ. ಅಚ್ಚು ಫಾರಂ ಲೆಕ್ಕದಲ್ಲಿ, ಅಂದರೆ ಒಂದು ದೊಡ್ಡ ಹಾಳೆಯಲ್ಲಿ 8 ಅಥವಾ 16 ಪುಟ ಸೇರಿಸಿ ನಡೆಯುತ್ತದೆ, ಹೆಚ್ಚಿನ ಎರಡು ಪುಟಕ್ಕೂ ಬೇರೆ ಪ್ಲೇಟ್ (ಅಚ್ಚಿನ ತಗಡು) ಬೇಕು. 128 ಪುಟವೆಂದರೆ 64 ಹಾಳೆ. ಹದಿನಾರು ಎ4 ಹಾಳೆ ಸೇರಿದರೆ ಒಂದು ಚದರ ಮೀಟರ್, ಹಾಗಾಗಿ ನಿಮ್ಮ ಪುಸ್ತಕದ ಒಳಪುಟ ನಾಲ್ಕು ಚದರ ಮೀಟರ್. 80 ಜಿಎಸ್‌ಎಂ ಆದರೆ 320 ಗ್ರಾಂ ತೂಗಬೇಕು, 70 ಆದರೆ 280 ಗ್ರಾಂ. ಬೈಂಡಿಂಗ್‌ಗೆ ಮುಂಚೆ ಒಂದು ಸೆಟ್ಟನ್ನು ಅಳತೆಗೆ ಕತ್ತರಿಸಿಕೊಡಲು ಹೇಳಿ, ಪಕ್ಕದ ಕಿರಾಣಿ ಅಂಗಡಿಯ ತಕ್ಕಡಿಯಲ್ಲೇ ತೂಗಿಸಿ. ತೆಳು ಕಾಗದದಲ್ಲಿ ಹಿಂದಿನ ಪುಟದ ಅಕ್ಷರ ಈಚೆಗೆ ಕಾಣುತ್ತದೆ, ವಯಸ್ಸಾದವರಿಗೆ ಓದುವುದು ಕಷ್ಟ.

ಬೆಂಗಳೂರು ಎಪ್ಪತ್ತು ಕಿಲೋಮೀಟರ್, ದೂರವೇನಲ್ಲ. ಆದರೆ ಬಣ್ಣದ ಪುಟಗಳು ಅಚ್ಚಾಗುವ ದಿನ ಯಾರಾದರೊಬ್ಬರು ಯಂತ್ರದ ಬಳಿ ಇರಲೇಬೇಕು. ಕಂಪ್ಯೂಟರ್ ಪರದೆಯಲ್ಲಿ ಚೆನ್ನಾಗಿದ್ದ ಗುಂಪು ಚಿತ್ರದ ಮುಖಗಳು ಕಾಗದದ ಮೇಲೆ ಕೆಂಪಾಗಿ ಬರಬಹುದು; ಮೊದಲ ಹಾಳೆಗಳಲ್ಲೇ ಹೇಳಿದರೆ ಇಂಕು ಹೊಂದಿಸುತ್ತಾರೆ. ಯಂತ್ರ ಯಾವ ರಾತ್ರಿ ಖಾಲಿಯಾದರೂ ಹೋಗಿ ನಿಲ್ಲಬಲ್ಲಿರಾದರೆ ಬೆಂಗಳೂರಾದರೂ ಆದೀತು. ಇಲ್ಲವಾದರೆ ಸ್ವಲ್ಪ ಹೆಚ್ಚು ಕೊಟ್ಟು ತುಮಕೂರಿನಲ್ಲೇ ಮಾಡಿಸಿ.

ಸಾವಿರ ಪ್ರತಿಗೆ ಪ್ಲೇಟ್ ಮಾಡಿ ಅಚ್ಚು ಹಾಕುವ ಆಫ್‌ಸೆಟ್ಟೇ ಸರಿ. ನೂರು ಪ್ರತಿಯಾಗಿದ್ದರೆ ಪ್ಲೇಟ್ ಇಲ್ಲದೆ ಕಡತದಿಂದಲೇ ಮುದ್ರಿಸುವ ಡಿಜಿಟಲ್ ಎನ್ನುತ್ತಿದ್ದೆ. ಬರೀ ಅಂಟಿನ ಬೈಂಡಿಂಗ್ ಬೇಡ, ದಾರದ ಹೊಲಿಗೆ ಹಾಕಿಸಿ. ಮುಂಗಡ ಅರ್ಧ ಕೊಡಿ, ಉಳಿದದ್ದನ್ನು ಕಟ್ಟುಗಳನ್ನು ಎಣಿಸಿಕೊಂಡ ಮೇಲೆ ಕೊಡಿ. ಹಣ ಕೊಡುವಾಗಲೇ ಕೊನೆಯ ಪಿಡಿಎಫ್ ಜೊತೆ ಪುಟ ಕಟ್ಟಿದ ಮೂಲ ಕಡತವನ್ನೂ ಪೆನ್‌ಡ್ರೈವ್‌ಗೆ ಹಾಕಿಸಿಕೊಂಡು, ಶಾಲೆಯ ಬೀರುವಿನಲ್ಲಿಡಿ.