ಓದುಗರ ಪ್ರಶ್ನೆ: ರಸ್ತೆಯ ನಕ್ಷೆಯಲ್ಲಿ ಜನರ ಮಾತಿಗೆ ಜಾಗವೆಲ್ಲಿ?

ಪ್ರಶ್ನೆ: ನಮ್ಮ ಊರಿನ ಪಕ್ಕ ಬರಲಿರುವ ರಾಷ್ಟ್ರೀಯ ಹೆದ್ದಾರಿ ಬೈಪಾಸ್‌ಗಾಗಿ ನಮ್ಮ ಜಮೀನುಗಳ ಸರ್ವೆ ನಂಬರುಗಳು ಪತ್ರಿಕೆಯಲ್ಲಿ ಪ್ರಕಟವಾಗಿವೆ. 21 ದಿನಗಳೊಳಗೆ ಆಕ್ಷೇಪಣೆ ಸಲ್ಲಿಸಬಹುದೆಂದು ಅದರಲ್ಲಿದೆ. ಸಲ್ಲಿಸಿದರೆ ರಸ್ತೆಯ ದಾರಿ ಬದಲಾಗುತ್ತದೆಯೇ?
– ಓದುಗರು, ದೊಡ್ಡಬಳ್ಳಾಪುರ ತಾಲ್ಲೂಕು

ಉತ್ತರ: ಬದಲಾಗುವ ಸಾಧ್ಯತೆ ಕಡಿಮೆ. ಆದರೂ ಆಕ್ಷೇಪಣೆ ಸಲ್ಲಿಸದೆ ಬಿಡಬೇಡಿ. ನೀವು ಕಂಡಿರುವುದು 1956ರ ರಾಷ್ಟ್ರೀಯ ಹೆದ್ದಾರಿಗಳ ಕಾಯ್ದೆಯ 3ಎ ಕಲಮಿನ ಅಧಿಸೂಚನೆ, ಅಂದರೆ ಜಮೀನು ಸ್ವಾಧೀನಪಡಿಸಿಕೊಳ್ಳುವ ಇಂಗಿತದ ಪ್ರಕಟಣೆ. ಅದು ಅಚ್ಚಾಗುವ ಹೊತ್ತಿಗೆ ಸರ್ವೆ ನಡೆದು, ಬೇರೆ ಬೇರೆ ದಾರಿಗಳನ್ನು ತೂಗಿ ನೋಡಿ ಒಂದನ್ನು ಆರಿಸಿ, ವಿಸ್ತೃತ ಯೋಜನಾ ವರದಿಯನ್ನು ಸಾಮಾನ್ಯವಾಗಿ ಸಿದ್ಧಪಡಿಸಿಯಾಗಿರುತ್ತದೆ. ದಾರಿಯ ಆಯ್ಕೆ ನಡೆಯುತ್ತಿದ್ದಾಗ ನಿಮ್ಮನ್ನು ಯಾರೂ ಕೇಳಲಿಲ್ಲ, ಆಯ್ಕೆ ಮುಗಿದ ಮೇಲೆ ಕೇಳುತ್ತಿದ್ದಾರೆ. ನಮ್ಮ ವ್ಯವಸ್ಥೆಯ ದೊಡ್ಡ ದೋಷ ಇದೇ ಎಂಬುದು ನಮ್ಮ ಅಭಿಪ್ರಾಯ.

3ಸಿ ಕಲಮಿನಂತೆ ಆಕ್ಷೇಪಣೆ ಲಿಖಿತವಾಗಿರಬೇಕು, ಕಾರಣಗಳನ್ನು ಒಳಗೊಂಡಿರಬೇಕು. ಸಕ್ಷಮ ಪ್ರಾಧಿಕಾರಿ (ಭೂಸ್ವಾಧೀನದ ಹೊಣೆ ಹೊತ್ತ ಅಧಿಕಾರಿ) ನಿಮ್ಮನ್ನು ಖುದ್ದಾಗಿ ಅಥವಾ ವಕೀಲರ ಮೂಲಕ ಕೇಳಿ, ಬೇಕೆನಿಸಿದರೆ ಹೆಚ್ಚಿನ ವಿಚಾರಣೆ ಮಾಡಿ, ಆಕ್ಷೇಪಣೆಯನ್ನು ಒಪ್ಪಬಹುದು ಇಲ್ಲವೇ ತಳ್ಳಿಹಾಕಬಹುದು. ಆ ಆದೇಶವೇ ಅಂತಿಮವೆಂದು ಕಾಯ್ದೆ ಹೇಳುತ್ತದೆ. ಅನಂತರ 3ಡಿ ಕಲಮಿನಂತೆ ಸ್ವಾಧೀನದ ಘೋಷಣೆ ಹೊರಬಿದ್ದರೆ ಜಮೀನು ಕೇಂದ್ರ ಸರ್ಕಾರಕ್ಕೆ ಸೇರುತ್ತದೆ. 3ಎ ಅಧಿಸೂಚನೆಯಾದ ಒಂದು ವರ್ಷದೊಳಗೆ ಆ ಘೋಷಣೆ ಬಾರದಿದ್ದರೆ ಅಧಿಸೂಚನೆ ಬಿದ್ದುಹೋಗುತ್ತದೆ. ನ್ಯಾಯಾಲಯದ ತಡೆಯಾಜ್ಞೆ ಇದ್ದ ಕಾಲವನ್ನು ಮಾತ್ರ ಈ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದ್ದರಿಂದ ದಿನಾಂಕಗಳನ್ನು ಬರೆದಿಟ್ಟುಕೊಳ್ಳಿ, ಅರ್ಜಿ ಕೊಟ್ಟಲ್ಲಿ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ.

ಏನು ಬರೆಯಬೇಕೆಂಬುದು ಇದಕ್ಕಿಂತ ಮುಖ್ಯ. ‘ನಮ್ಮ ಜಮೀನು ಬಿಡಿ’ ಎಂಬ ಒಂದೇ ಸಾಲಿನ ನೂರು ಅರ್ಜಿಗಳಿಗೆ ಒಂದೇ ಸಾಲಿನ ನೂರು ಉತ್ತರಗಳು ಬರುತ್ತವೆ. ಅದರ ಬದಲು ರಸ್ತೆ ಯಾವ ಕೆರೆಯ ತೂಬಿಗೆ ಅಡ್ಡ ಬರುತ್ತದೆ, ಯಾವ ರಾಜಕಾಲುವೆಯನ್ನು ಮುಚ್ಚುತ್ತದೆ, ಶಾಲೆಗೂ ಹೊಲಕ್ಕೂ ಹೋಗುವ ಯಾವ ಬಂಡಿದಾರಿಯನ್ನು ತುಂಡರಿಸುತ್ತದೆ ಎಂಬುದನ್ನು ಸರ್ವೆ ನಂಬರು ಮತ್ತು ಗ್ರಾಮನಕ್ಷೆಯ ಸಮೇತ ತೋರಿಸಿ. ಅಂಡರ್‌ಪಾಸ್, ಸರ್ವಿಸ್ ರಸ್ತೆ, ಮೋರಿಗಳ ಬೇಡಿಕೆಯನ್ನು ಪ್ರತ್ಯೇಕವಾಗಿ ಬರೆದು ಹೆದ್ದಾರಿ ಪ್ರಾಧಿಕಾರದ ಯೋಜನಾ ನಿರ್ದೇಶಕರಿಗೂ ಜಿಲ್ಲಾಧಿಕಾರಿಗಳಿಗೂ ಕೊಡಿ. ಈ ಹಂತದಲ್ಲಿ ದಾರಿಯನ್ನು ಕದಲಿಸುವುದಕ್ಕಿಂತ ಇವನ್ನು ಪಡೆಯುವುದು ಸುಲಭ, ಮತ್ತು ರಸ್ತೆ ಮುಗಿದ ಮೇಲೆ ಇವನ್ನು ಪಡೆಯುವುದು ಬಹಳ ಕಷ್ಟ.

ನಿಮ್ಮ ಹೆದ್ದಾರಿಗೆ ಪರಿಸರ ಅನುಮತಿ ಬೇಕಾಗಿದೆಯೇ ಎಂಬುದನ್ನೂ ವಿಚಾರಿಸಿ. 2006ರ ಪರಿಸರ ಪರಿಣಾಮ ಅಧಿಸೂಚನೆಯ ವ್ಯಾಪ್ತಿಗೆ ಬರುವ ದೊಡ್ಡ ಯೋಜನೆಗಳಿಗೆ ಸಾಮಾನ್ಯವಾಗಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯು ಯೋಜನಾ ಸ್ಥಳದಲ್ಲೋ ಅದರ ಸಮೀಪದಲ್ಲೋ ಸಾರ್ವಜನಿಕ ಅಹವಾಲು ಸಭೆ ನಡೆಸಬೇಕು, ಅದಕ್ಕೆ ಕನಿಷ್ಠ 30 ದಿನಗಳ ಮುನ್ಸೂಚನೆ ಕೊಡಬೇಕು, ಕಲಾಪವನ್ನು ವಿಡಿಯೊ ಚಿತ್ರೀಕರಿಸಬೇಕು ಮತ್ತು ಕೊನೆಗೆ ಅದರ ಸಾರಾಂಶವನ್ನು ಸ್ಥಳೀಯ ಭಾಷೆಯಲ್ಲಿ ಓದಿ ಹೇಳಬೇಕು. ಈ ಸಭೆಗೆ ಕೋರಂ ಎಂಬುದಿಲ್ಲ. ನಾಲ್ಕೇ ಜನ ಬಂದರೂ ಸಭೆ ಸಿಂಧುವಾಗುತ್ತದೆ. ಹಾಗಾಗಿ ಬಹಿಷ್ಕರಿಸಿ ಹೊರಗೆ ಘೋಷಣೆ ಕೂಗುವುದಕ್ಕಿಂತ ಒಳಗೆ ಹೋಗಿ ನಿಮ್ಮ ಮಾತು ದಾಖಲಾಗುವಂತೆ ನೋಡಿಕೊಳ್ಳುವುದು ಲೇಸು.

ಪ್ರಶ್ನೆ: ಸಲಹೆ ಕೇಳುವುದು ಬರೀ ಶಾಸ್ತ್ರಕ್ಕೆ ಎಂದು ನನ್ನ ಅನುಭವ. ಬೆಂಗಳೂರಿನಲ್ಲಿ ಜನರ ಮಾತಿನಿಂದ ಸಾರಿಗೆ ಯೋಜನೆಯೊಂದು ಬದಲಾದ ಉದಾಹರಣೆ ಇದೆಯೇ?
– ಓದುಗರು, ಮಲ್ಲೇಶ್ವರ

ಉತ್ತರ: ಯೋಜನೆಯೊಂದು ನಿಂತುಹೋದ ಉದಾಹರಣೆ ಇದೆ. ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ ಸುಮಾರು 6.7 ಕಿಲೋಮೀಟರ್ ಉದ್ದದ ಉಕ್ಕಿನ ಮೇಲ್ಸೇತುವೆಯನ್ನು ಸುಮಾರು 1,791 ಕೋಟಿ ರೂಪಾಯಿ ವೆಚ್ಚದಲ್ಲಿ ಕಟ್ಟಲು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಹೊರಟಿತ್ತು. ಅದಕ್ಕಾಗಿ 812 ಮರಗಳು ಉರುಳಬೇಕಾಗಿತ್ತು. ಪ್ರಾಧಿಕಾರ ಅಭಿಪ್ರಾಯ ಆಹ್ವಾನಿಸಿತ್ತು, ಬಂದವುಗಳಲ್ಲಿ ಹೆಚ್ಚಿನವು ಯೋಜನೆಯ ಪರವಾಗಿವೆ ಎಂದೂ ಹೇಳಿಕೊಂಡಿತ್ತು. ಆದರೆ 2016ರ ಅಕ್ಟೋಬರ್ 16ರಂದು ಸಾವಿರಾರು ಜನ ಆ ರಸ್ತೆಯುದ್ದಕ್ಕೂ ಮಾನವ ಸರಪಳಿ ಕಟ್ಟಿ ‘ಸ್ಟೀಲ್ ಫ್ಲೈಓವರ್ ಬೇಡ’ ಎಂದರು. ಅದೇ ತಿಂಗಳು ಹಸಿರು ನ್ಯಾಯಮಂಡಳಿ ತಡೆಯಾಜ್ಞೆ ಕೊಟ್ಟಿತು, ಮತ್ತು 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. ಆ ಹೊತ್ತಿಗೆ ರಾಜಕೀಯ ಆರೋಪಗಳೂ ಬಿಸಿಯೇರಿದ್ದವೆಂಬುದನ್ನು ಮರೆಯಬಾರದು. ಸರಪಳಿಯೊಂದರಿಂದಲೇ ಎಲ್ಲವೂ ಆಯಿತೆಂದರೆ ಅತಿಶಯೋಕ್ತಿಯಾದೀತು.

ಇದನ್ನು ಗೆಲುವೆಂದು ಒಪ್ಪುತ್ತೇವೆ, ಆದರೆ ಸಹಭಾಗಿತ್ವ ಎನ್ನಲು ಹಿಂಜರಿಯುತ್ತೇವೆ. ಬೇಡವಾದುದನ್ನು ನಿಲ್ಲಿಸಿದ ನಾಗರಿಕರಿಗೆ, ಹೆಬ್ಬಾಳದತ್ತ ಹೋಗುವ ಬಳ್ಳಾರಿ ರಸ್ತೆಯ ದಟ್ಟಣೆಗೆ ಬೇರೆ ಏನು ಮಾಡಬೇಕೆಂದು ಆಡಳಿತದೊಡನೆ ಕುಳಿತು ತೀರ್ಮಾನಿಸುವ ವೇದಿಕೆ ಆಗಲೂ ಇರಲಿಲ್ಲ. ಆ ದಟ್ಟಣೆಗೆ ಇನ್ನೊಂದು ಉತ್ತರವೆನ್ನಬಹುದಾದ, ಹೆಬ್ಬಾಳದ ಮೂಲಕ ವಿಮಾನ ನಿಲ್ದಾಣಕ್ಕೆ ಹೋಗುವ ಮೆಟ್ರೊ ಮಾರ್ಗಕ್ಕೆ ಕೇಂದ್ರ ಸಂಪುಟದ ಒಪ್ಪಿಗೆ ದೊರೆತದ್ದು 2021ರಲ್ಲಿ.

ಅಂಥ ವೇದಿಕೆ ಕಾಗದದ ಮೇಲೇನೋ ಇದೆ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 13ನೇ ಕಲಮಿನಂತೆ ಮಹಾಯೋಜನೆಯ (ನಗರದ ಮಾಸ್ಟರ್ ಪ್ಲಾನ್) ಕರಡನ್ನು ಪ್ರಕಟಿಸಿ 60 ದಿನಗಳೊಳಗೆ ಸಾರ್ವಜನಿಕರ ಅಭಿಪ್ರಾಯ ಕೇಳಬೇಕು. ಮುಖ್ಯ ರಸ್ತೆಗಳ ಅಗಲ, ಭೂಬಳಕೆ ಎಲ್ಲವೂ ಅದರಲ್ಲೇ ಗೊತ್ತಾಗುವುದರಿಂದ, ಸಾರಿಗೆಯ ಬಗ್ಗೆ ಮಾತಾಡಲು ಅದಕ್ಕಿಂತ ಒಳ್ಳೆಯ ಸಮಯವಿಲ್ಲ. 2031ನ್ನು ಗುರಿಯಾಗಿಟ್ಟ ಬೆಂಗಳೂರಿನ ಕರಡು 2017ರಲ್ಲಿ ಹೊರಬಂದಾಗ ಸಾವಿರಾರು ಆಕ್ಷೇಪಣೆಗಳು ಬಂದವು. 2020ರಲ್ಲಿ ಸರ್ಕಾರ ಆ ಕರಡನ್ನೇ ಹಿಂತೆಗೆದುಕೊಂಡಿತು. ಫಲವಾಗಿ 2015ನ್ನು ಗುರಿಯಾಗಿಟ್ಟು 2007ರಲ್ಲಿ ಒಪ್ಪಿದ್ದ ಹಳೆಯ ಯೋಜನೆಯೇ ಮುಂದುವರಿಯಿತು.

ಸಂವಿಧಾನದ 243 ಝಡ್‌ಇ ವಿಧಿಯ ಮಹಾನಗರ ಯೋಜನಾ ಸಮಿತಿಯಲ್ಲಿ ಕನಿಷ್ಠ ಮೂರನೇ ಎರಡರಷ್ಟು ಸದಸ್ಯರನ್ನು ನಗರಸಂಸ್ಥೆಗಳ ಚುನಾಯಿತ ಸದಸ್ಯರು ಮತ್ತು ಪಂಚಾಯಿತಿ ಅಧ್ಯಕ್ಷರು ತಮ್ಮೊಳಗಿನಿಂದಲೇ ಆರಿಸಬೇಕು. ನಗರ ಮತ್ತು ಅದರ ಸುತ್ತಲಿನ ಹಳ್ಳಿಗಳು ಒಂದೇ ಮೇಜಿನ ಸುತ್ತ ಕೂರಬೇಕೆಂಬುದು ಇದರ ಉದ್ದೇಶ. ಆದರೆ ಬಿಬಿಎಂಪಿ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯದಿದ್ದಾಗ ಆ ಮೇಜಿಗೆ ನಗರದ ಕಡೆಯಿಂದ ಬರುವವರು ಯಾರು? 2022ರ ಕಾಯ್ದೆಯ ಮೂಲಕ ರೂಪುಗೊಂಡ ಬೆಂಗಳೂರು ಮಹಾನಗರ ಭೂಸಾರಿಗೆ ಪ್ರಾಧಿಕಾರಕ್ಕೆ ಮುಖ್ಯಮಂತ್ರಿಯೇ ಅಧ್ಯಕ್ಷರು. ಬಸ್ಸು, ಮೆಟ್ರೊ, ರಸ್ತೆಗಳ ಯೋಜನೆಗಳನ್ನು ಒಂದೇ ಸೂರಿನಡಿ ತರುವುದು ಒಳ್ಳೆಯದೇ, ಆದರೆ ಅದು ವಾರ್ಡಿನ ಮಾತಿಗೆ ಬದಲಿಯಾಗದು.

ಅಂಥ ವೇದಿಕೆ ಕೈಗೂಡುವವರೆಗೆ ಒಂದು ದಾರಿಯುಂಟು. ಜನರನ್ನು ಬಾಧಿಸುವ ಮುಖ್ಯ ನೀತಿಗಳನ್ನು ರೂಪಿಸುವಾಗಲೇ ಸಂಬಂಧಪಟ್ಟ ಸಂಗತಿಗಳನ್ನೆಲ್ಲ ಪ್ರಕಟಿಸಬೇಕೆಂದು 2005ರ ಮಾಹಿತಿ ಹಕ್ಕು ಕಾಯ್ದೆಯ 4(1)(ಸಿ) ಕಲಮು ಹೇಳುತ್ತದೆ. ಟೆಂಡರು ಕರೆಯುವ ಮೊದಲೇ ಈ ಕಲಮನ್ನು ಉಲ್ಲೇಖಿಸಿ ಸಂಚಾರ ಸಮೀಕ್ಷೆ ಮತ್ತು ಪರ್ಯಾಯಗಳ ಹೋಲಿಕೆಯನ್ನು ಕೇಳಿ. ಪರ್ಯಾಯಗಳನ್ನು ಹೋಲಿಸಿಯೇ ಇಲ್ಲ ಎಂಬ ಉತ್ತರ ಬಂದರೆ, ಮುಂದೆ ನ್ಯಾಯಾಲಯಕ್ಕೆ ಹೋಗಬೇಕಾದಾಗ ಅದೂ ಒಂದು ದಾಖಲೆಯೇ.

ಪ್ರಶ್ನೆ: ನಮ್ಮ ಹಳ್ಳಿಗೆ ಬೆಳಗಿನ ಬಸ್ಸು ಬೇಕು. ಯಾರನ್ನು ಕೇಳಬೇಕು?
– ಓದುಗರು, ಶಿರಾ ತಾಲ್ಲೂಕು

ಉತ್ತರ: ಗ್ರಾಮಸಭೆಯಲ್ಲಿ ಠರಾವು ಮಾಡಿಸಿ, ಕಾಲೇಜಿಗೂ ಕೆಲಸಕ್ಕೂ ಹೋಗುವವರ ಸಂಖ್ಯೆ ಮತ್ತು ಬೇಕಾದ ವೇಳೆಯನ್ನು ಸೇರಿಸಿ, ಡಿಪೊ ವ್ಯವಸ್ಥಾಪಕರಿಗೆ ಹಾಗೂ ತುಮಕೂರಿನಲ್ಲಿರುವ ಕೆಎಸ್‌ಆರ್‌ಟಿಸಿ ವಿಭಾಗೀಯ ನಿಯಂತ್ರಣಾಧಿಕಾರಿಗೆ ಸಲ್ಲಿಸಿ. ಉತ್ತರ ಬಾರದಿದ್ದರೆ ಆ ಠರಾವಿನ ಮೇಲೆ ಏನು ಕ್ರಮವಾಯಿತೆಂದು ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. ಅದಕ್ಕೆ 30 ದಿನಗಳೊಳಗೆ ಉತ್ತರಿಸಬೇಕಾಗುತ್ತದೆ.