ಹಳೆಯ ಪದ್ಮಿನಿಯ ವಿಮೆ ಅಗ್ಗ, ಹೊಸ ಕಾರಿನದು ದುಬಾರಿ ಏಕೆ?

ತಂದೆಯವರ 1984ರ ಪ್ರೀಮಿಯರ್ ಪದ್ಮಿನಿಯ ವಿಮೆ ಕೆಲವೇ ಸಾವಿರದಲ್ಲಿ ಮುಗಿಯಿತು, ಹೊಸ ಬಲೇನೊಗೆ ಮಾತ್ರ ಅದರ ಹಲವು ಪಟ್ಟು ಕೇಳುತ್ತಿದ್ದಾರೆ, ಇದು ಸುಲಿಗೆಯಲ್ಲವೇ ಎಂದು ಕೇಳಿದ್ದೀರಿ. ನನ್ನ ಮನೆಯಲ್ಲೂ ಇಂಥದೇ ಜೋಡಿ ಇತ್ತು. ನಾನೂ ಹೀಗೆಯೇ ಗೊಣಗುತ್ತ, ಹಳೆಯ ಕಾರಿನ ಪಾಲಿಸಿ ಅಗ್ಗವಾದಷ್ಟೂ ಲಾಭವೆಂದು ನಂಬಿದ್ದೆ.

ನಮ್ಮ ಪದ್ಮಿನಿಯನ್ನು ಬೆಂಗಳೂರಿನಲ್ಲಿ ಪೂರ್ತಿ ಬಿಚ್ಚಿಸಿ ಮತ್ತೆ ಕಟ್ಟಿಸಿದ್ದೆ. ಎಂಜಿನ್ ರೀಬೋರ್ ಆಗಿತ್ತು, ತುಕ್ಕು ಹಿಡಿದ ತಳದ ತಗಡನ್ನು ಕತ್ತರಿಸಿ ಹೊಸದನ್ನು ಬೆಸುಗೆ ಹಾಕಿಸಿದ್ದೆ, ಬಾಗಿಲಿನ ರಬ್ಬರ್ ಬೀಡಿಂಗಿಗೂ ಹಿಂದಿನ ದೀಪದ ಗಾಜಿಗೂ ಜೆ.ಸಿ. ರಸ್ತೆಯ ಅಂಗಡಿಗಳನ್ನೆಲ್ಲ ಅಲೆದಿದ್ದೆ. ಖರ್ಚು ಎರಡು ಲಕ್ಷ ದಾಟಿತ್ತು. ಆಮೇಲೆ ಒಂದು ಮೇ ತಿಂಗಳ ಗಾಳಿಮಳೆಯಲ್ಲಿ, ಮನೆಯೆದುರಿನ ಮರದ ದಪ್ಪ ಕೊಂಬೆ ಅದರ ಮೇಲೆ ಬಿದ್ದು, ಛಾವಣಿ ಕುಸಿದು, ಮುಂಗಾಜು ಪುಡಿಯಾಗಿ, ಎಡಬದಿಯ ಪಿಲ್ಲರ್ ಒಳಕ್ಕೆ ಬಾಗಿತು. ಗ್ಯಾರೇಜಿನವರು 80 ಸಾವಿರದ ಅಂದಾಜು ಬರೆದುಕೊಟ್ಟರು. ಪಾಲಿಸಿಯಲ್ಲಿ ನಮೂದಾಗಿದ್ದ ಕಾರಿನ ಮೌಲ್ಯ, ಅಂದರೆ ಐಡಿವಿ, 30 ಸಾವಿರ. ದುರಸ್ತಿಯ ವೆಚ್ಚ ಐಡಿವಿಯ ಶೇ. 75ನ್ನು ಮೀರಿದರೆ ಕಾರು ಪೂರ್ಣ ನಷ್ಟವೆಂದು ಲೆಕ್ಕ. ಹಾನಿಯನ್ನು ಅಳೆಯಲು ಬಂದ ಸರ್ವೇಯರ್ ಹಾಗೆಯೇ ಬರೆದರು. ಕಾರನ್ನು ಬಿಟ್ಟುಕೊಡಲು ಮನಸ್ಸಾಗದೆ ನಾನೇ ಇಟ್ಟುಕೊಂಡದ್ದರಿಂದ, ಗುಜರಿ ಬೆಲೆಯನ್ನೂ, ಕ್ಲೇಮಿನಲ್ಲಿ ಮಾಲೀಕನೇ ಹೊರಬೇಕಾದ ಕಡ್ಡಾಯ ಕಡಿತವನ್ನೂ ಕಳೆದು ಉಳಿದಷ್ಟನ್ನು ಕೊಟ್ಟರು. ಅದು ಟಿಂಕರಿಂಗಿಗೂ ಸಾಲಲಿಲ್ಲ.

ಇದರಲ್ಲಿ ಕಂಪನಿಯದು ಮೋಸವಿಲ್ಲ, ತಪ್ಪು ನನ್ನದೇ. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಐದು ವರ್ಷದೊಳಗಿನ ಕಾರಿಗೆ ಐಡಿವಿಯ ಪಟ್ಟಿ ಸಿದ್ಧವಾಗಿರುತ್ತದೆ: ಷೋರೂಂ ಬೆಲೆಯಿಂದ ಮೊದಲ ಆರು ತಿಂಗಳಿಗೆ ಶೇ. 5, ಐದನೆಯ ವರ್ಷಕ್ಕೆ ಶೇ. 50 ಎಂಬಂತೆ ಸವಕಳಿ ಕಳೆಯುತ್ತಾರೆ. ಐದು ವರ್ಷ ದಾಟಿದ ಕಾರಿಗೆ ಆ ಪಟ್ಟಿಯಿಲ್ಲ, ಮಾಲೀಕನೂ ಕಂಪನಿಯೂ ಮಾತಾಡಿ ಒಪ್ಪಿಕೊಂಡ ಮೊತ್ತವೇ ಐಡಿವಿ. ನಾನು ಮಾತಾಡಲೇ ಇಲ್ಲ. ಆನ್‌ಲೈನ್‌ನಲ್ಲಿ ನವೀಕರಿಸುವಾಗ ಪರದೆಯ ಮೇಲೆ ಒಂದು ಮೊತ್ತ ಬರುತ್ತಿತ್ತು, ಅದನ್ನು ಇನ್ನೂ ಇಳಿಸಲು ಅವಕಾಶವಿತ್ತು, ನಾನು ಕೊನೆಯ ತನಕ ಇಳಿಸುತ್ತಿದ್ದೆ. ವಿಮೆಯ ಹಳೆಯ ದರಪಟ್ಟಿಯಲ್ಲಿ ಬೆಂಗಳೂರಿನ, ಹತ್ತು ವರ್ಷ ಮೀರಿದ, ಈ ಅಳತೆಯ ಎಂಜಿನ್ನಿನ ಕಾರಿಗೆ ಸ್ವಂತ ಹಾನಿಯ, ಅಂದರೆ ನಮ್ಮದೇ ಕಾರಿಗಾಗುವ ಹಾನಿಯ, ದರ ಐಡಿವಿಯ ಶೇ. 3.529. ಅಂದರೆ ಐಡಿವಿಯನ್ನು ಒಂದು ಲಕ್ಷ ಏರಿಸಿದರೆ ಹೆಚ್ಚಿಗೆ ಬೀಳುವುದು ಸುಮಾರು ಮೂರೂವರೆ ಸಾವಿರ. 2007ರಿಂದ ಆ ದರದಲ್ಲಿ ಕಂಪನಿಗಳೇ ರಿಯಾಯಿತಿ ಕೊಡಬಹುದಾದ್ದರಿಂದ ಅಷ್ಟೂ ಬೀಳದೆ ಇರಬಹುದು. ಇದನ್ನು ಉಳಿಸಲು ಹೋಗಿ ನಾನು ಎರಡು ಲಕ್ಷದ ಕೆಲಸವನ್ನು ಕಾಗದದ ಮೇಲೆ ಇಲ್ಲವೆನಿಸಿದೆ. ರಿಪೇರಿಯ ಬಿಲ್ಲುಗಳೆಲ್ಲ ಕಪಾಟಿನಲ್ಲೇ ಇದ್ದವು, ಶಾಖೆಗೆ ಒಯ್ದು ತೋರಿಸಬೇಕೆಂದು ಒಮ್ಮೆಯೂ ಹೊಳೆಯಲಿಲ್ಲ.

ಆದ್ದರಿಂದ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ಥರ್ಡ್ ಪಾರ್ಟಿ ಪ್ರೀಮಿಯಂ, ಅಂದರೆ ನಮ್ಮ ಕಾರಿನಿಂದ ಬೇರೆಯವರಿಗಾಗುವ ಹಾನಿಗೆ ಕಟ್ಟುವ ದುಡ್ಡು, ಕಾರಿನ ವಯಸ್ಸನ್ನು ನೋಡುವುದೇ ಇಲ್ಲ, ಎಂಜಿನ್ನಿನ ಅಳತೆಯನ್ನಷ್ಟೇ ನೋಡುತ್ತದೆ. ಪದ್ಮಿನಿಯದು 1089 ಸಿಸಿ, ಬಲೇನೊದ್ದು 1197 ಸಿಸಿ. ಎರಡೂ ಒಂದೇ ವರ್ಗಕ್ಕೆ ಸೇರುವುದರಿಂದ, 2022ರ ಜೂನ್ 1ರಿಂದ ಬಂದ ದರದಲ್ಲಿ ಎರಡಕ್ಕೂ ವರ್ಷಕ್ಕೆ 3,416 ರೂಪಾಯಿಯೇ. ಹೊಸ ಕಾರಿಗೆ ಮೂರು ವರ್ಷದ್ದನ್ನು ಒಟ್ಟಿಗೇ, 10,640 ರೂಪಾಯಿ, ಕಟ್ಟಿಸಿಕೊಳ್ಳುವುದರಿಂದ ಬಿಲ್ಲು ದಪ್ಪವಾಗಿ ಕಾಣುತ್ತದೆ. ಮಿಕ್ಕದ್ದೆಲ್ಲ ನಿಮಗೆ ಕೊಟ್ಟ ಭರವಸೆಯ ಬೆಲೆ. ಹೊಸ ಕಾರಿನ ಬಂಪರಿನೊಳಗೆ ಸೆನ್ಸರ್‌ಗಳಿರುತ್ತವೆ, ಎಲ್‌ಇಡಿ ಹೆಡ್‌ಲೈಟನ್ನು ಇಡಿಯಾಗಿಯೇ ಬದಲಿಸಬೇಕಾಗುತ್ತದೆ. ಅದರ ಮೇಲೆ ಬಂಪರ್ ಟು ಬಂಪರ್ ಪಾಲಿಸಿಯಾದರೆ ಬಿಡಿಭಾಗಗಳ ಸವಕಳಿಯನ್ನೂ ಕಂಪನಿಯೇ ಹೊರುತ್ತದೆ. ನಿಮ್ಮ ಪದ್ಮಿನಿಗೆ ಆ ಸೌಲಭ್ಯ ಸಿಗುವುದು ಕಷ್ಟ. ಹತ್ತು ವರ್ಷ ದಾಟಿದ ಕಾರಿನ ಲೋಹದ ಭಾಗಕ್ಕೆ ಅರ್ಧ, ರಬ್ಬರ್, ಪ್ಲಾಸ್ಟಿಕ್ಕಿಗೆ ಅರ್ಧ ಬೆಲೆಯನ್ನು ಕ್ಲೇಮಿನಲ್ಲಿ ಕಳೆಯುತ್ತಾರೆ. ಗಾಜಿಗೆ ಮಾತ್ರ ಸವಕಳಿಯಿಲ್ಲ.

ವಿಂಟೇಜ್ ಎಂದು ನೋಂದಾಯಿಸಿ ರಿಯಾಯಿತಿ ಪಡೆಯಬಹುದೇ ಎಂದೂ ಕೇಳಿದ್ದೀರಿ. 2021ರ ನಿಯಮದಂತೆ ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಆದ್ದರಿಂದ 2034ರ ತನಕ ಆ ಮಾತೇ ಇಲ್ಲ. ಆಮೇಲೂ ನನ್ನ ಮತ ಬೇಡವೆಂದೇ. ಥರ್ಡ್ ಪಾರ್ಟಿಯಲ್ಲಿ ಅರ್ಧ, ಅಂದರೆ 2022ರ ಆ ದರದಲ್ಲಿ ವರ್ಷಕ್ಕೆ 1,708 ರೂಪಾಯಿ ಉಳಿಯುತ್ತದೆ, ನೋಂದಣಿಯ ಶುಲ್ಕ 20,000. ಹತ್ತು ವರ್ಷ ಕೂಡಿಸಿದರೂ ಅಸಲು ಹುಟ್ಟುವುದು ಕಷ್ಟ. ಸಾಲದ್ದಕ್ಕೆ ಪ್ರದರ್ಶನ, ರ‍್ಯಾಲಿ, ದುರಸ್ತಿ, ಪೆಟ್ರೋಲ್ ಎಂಬ ನೆಪಗಳ ಹೊರತು ಅದನ್ನು ರಸ್ತೆಗೆ ಇಳಿಸುವಂತಿಲ್ಲ. ತಂದೆಯವರನ್ನು ಕೂರಿಸಿಕೊಂಡು ಒಂದು ಮದುವೆಗೆ ಹೋಗಲಾಗದ ಕಾರು ಯಾರಿಗೆ ಬೇಕು?

ಈ ಸಲದ ನವೀಕರಣವನ್ನು ಆನ್‌ಲೈನ್‌ನಲ್ಲಿ ಮಾಡಬೇಡಿ. ಅವಧಿ ಮುಗಿಯುವ ಮುಂಚೆಯೇ ಬಿಲ್ಲುಗಳನ್ನೂ ಫೋಟೋಗಳನ್ನೂ ಹಿಡಿದು ಶಾಖೆಗೆ ಹೋಗಿ, ಕಾರನ್ನು ಪರೀಕ್ಷಿಸಿ ಮೌಲ್ಯ ಕಟ್ಟಿರೆಂದು ಲಿಖಿತವಾಗಿ ಕೇಳಿ. ಒಂದು ಕಂಪನಿ ಒಪ್ಪದಿದ್ದರೆ ಇನ್ನೊಂದನ್ನು ಕೇಳಿ. ಯಾರೂ ಒಪ್ಪದಿದ್ದರೆ ಥರ್ಡ್ ಪಾರ್ಟಿಯ ಜೊತೆಗೆ ಬೆಂಕಿ ಮತ್ತು ಕಳವಿನ ರಕ್ಷಣೆಯನ್ನಷ್ಟೇ ಕೇಳಿ ನೋಡಿ, ಉಳಿದ ದುಡ್ಡಿನಲ್ಲಿ ಕಾರಿಗೆ ಗಟ್ಟಿಯಾದೊಂದು ಶೆಡ್ಡು ಹಾಕಿಸಿ.