ದಿಂಡಿನ ಪೈಪು ಮತ್ತು ಶೋಕೇಸು

ದಾವಣಗೆರೆಯ ಓದುಗರೊಬ್ಬರು ಬರೆದಿದ್ದಾರೆ: “ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿರುವ ಮಗನ ಮನೆಗೆ ಹೋಗಿದ್ದಾಗ ಅವನು ಮೆಕ್ಕೆಜೋಳದ ದಿಂಡಿನಿಂದ ಮಾಡಿದ, ಹೊಗೆಸೊಪ್ಪು ಸೇದುವ ಪೈಪೊಂದನ್ನು ನೆನಪಿಗೆಂದು ಕೊಡಿಸಿದ. ನಾವು ಒಲೆಗೆ ಹಾಕುವ ದಿಂಡಿಗೆ ಅಲ್ಲಿನವರು ಡಾಲರು ಕೊಡುತ್ತಾರೆ. ಒಳ್ಳೊಳ್ಳೆಯ ಮರದ ಪೈಪುಗಳಿರುವಾಗ ನೂರೈವತ್ತು ವರ್ಷಗಳಿಂದ ಜನಕ್ಕೆ ಇದರ ಮೋಹ ಬಿಡದಿರುವುದು ಏಕೆ? ನಾನು ಬೀಡಿ ಬಿಟ್ಟು ಹತ್ತು ವರ್ಷವಾಯಿತು. ಪೈಪು ಈಗ ನಮ್ಮ ಶೋಕೇಸಿನಲ್ಲಿದೆ.”

ಮಾನ್ಯರೇ,

ಬೀಡಿ ಬಿಟ್ಟಿದ್ದಕ್ಕೆ ಮೊದಲು ಅಭಿನಂದನೆಗಳು. ಹೊಗೆ ಬೀಡಿಯದಾಗಲಿ ಪೈಪಿನದಾಗಲಿ, ತುಟಿ, ನಾಲಿಗೆ, ಗಂಟಲುಗಳಿಗೆ ಕ್ಯಾನ್ಸರ್ ತರಬಲ್ಲದು. ಪೈಪಿನ ಹೊಗೆಯನ್ನು ಎದೆಗೆ ಎಳೆದುಕೊಳ್ಳುವುದಿಲ್ಲವೆಂಬ ಸಮಜಾಯಿಷಿಯಿಂದ ಬಾಯಿ ಉಳಿಯುವುದಿಲ್ಲ. ಇಷ್ಟು ಹೇಳಿ ದಿಂಡಿಗೆ ಬರುತ್ತೇನೆ, ಏಕೆಂದರೆ ನಿಮ್ಮ ಪತ್ರದಲ್ಲಿರುವ ‘ಒಳ್ಳೊಳ್ಳೆಯ’ ಎಂಬ ಪದ ಎರಡು ದಿನಗಳಿಂದ ನನ್ನನ್ನು ಚುಚ್ಚುತ್ತಿದೆ.

ಪೈಪು ಹಿಡಿದವನೇ ಬುದ್ಧಿಜೀವಿ ಎಂದು ನಮ್ಮ ಕಾಲೇಜುಗಳಲ್ಲಿ ನಂಬಿಕೆಯಿದ್ದ ಕಾಲದಲ್ಲಿ ನಾನೂ ಒಂದು ತಿಂಗಳ ಸಂಬಳದ ದೊಡ್ಡ ಪಾಲು ಕೊಟ್ಟು ಬ್ರಯರ್ ಪೈಪನ್ನು ಕೊಂಡಿದ್ದೆ. ಮೆಡಿಟರೇನಿಯನ್ ಸೀಮೆಯ ಒಂದು ಪೊದೆಯ ಬೇರುಗಂಟಿನಿಂದ ಕಡೆದ ಆ ಪೈಪು ನೋಡಲು ಚೆಲುವಾಗಿತ್ತು, ಅದನ್ನು ಅಲ್ಲಗಳೆಯಲಾರೆ. ಆದರೆ ಹೊಸ ಸೊಸೆಯನ್ನು ನೋಡಿಕೊಳ್ಳುವಷ್ಟು ನಾಜೂಕಾಗಿ ಅದನ್ನು ನೋಡಿಕೊಳ್ಳಬೇಕಿತ್ತು. ಮೊದಮೊದಲು ಅರ್ಧ ಬಟ್ಟಲು ಮಾತ್ರ ತುಂಬಬೇಕು, ಒಳಗೋಡೆಗೆ ಮಸಿಯ ಪದರ ಕೂರುವವರೆಗೆ ಕಾಯಬೇಕು, ಒಮ್ಮೆ ಸೇದಿದ ಮೇಲೆ ತೇವ ಆರಲು ಬಿಡಬೇಕು. ನಾನು ಸೇದಿದ್ದಕ್ಕಿಂತ ಕೆದಕಿದ್ದೇ ಹೆಚ್ಚು. ಆಮೇಲೆ ಅಮೆರಿಕದಿಂದ ಮರಳಿದ ಗೆಳೆಯರೊಬ್ಬರು ದಿಂಡಿನ ಪೈಪನ್ನು ಕೈಗಿತ್ತರು. ತೂಕವೇ ಇಲ್ಲದ ಆ ಪೈಪನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಎರಡೂ ಕೈಗಳಿಂದ ಪ್ರೂಫ್ ತಿದ್ದಬಹುದಿತ್ತು. ಮರದ ಕೊಳವೆಯ ತುದಿ ಬಟ್ಟಲಿನೊಳಕ್ಕೆ ಚಾಚಿಕೊಂಡಿರುವುದರಿಂದ ಮೊದಲ ನಾಲ್ಕಾರು ಸಲ ಸುಟ್ಟ ಕಟ್ಟಿಗೆಯ ರುಚಿ ಬರುತ್ತದೆ. ಆ ತುದಿ ಕರಿಕಾದ ಮೇಲೆ ಹೊಗೆ ತಂಪಾಗಿ, ಒಣಗಿ ಬರುತ್ತದೆ, ಏಕೆಂದರೆ ಹೊಗೆಯಲ್ಲಿನ ನೀರನ್ನು ದಿಂಡಿನ ಬೆಂಡು ಹೀರಿಕೊಳ್ಳುತ್ತದೆ. ಕೆಲವು ತಿಂಗಳಿಗೆ ಬಟ್ಟಲಿನ ತಳ ಸುಟ್ಟು ತೆಳುವಾಯಿತು. ಅದನ್ನು ಬಿಸಾಡಿದೆ, ದುಃಖವೇನೂ ಆಗಲಿಲ್ಲ. ಬ್ರಯರ್ ಪೈಪನ್ನು ಮಾತ್ರ, ಸೇದುವುದನ್ನು ಬಿಟ್ಟು ಎಷ್ಟೋ ವರ್ಷವಾದರೂ, ಬಿಸಾಡುವ ಧೈರ್ಯ ಇನ್ನೂ ಬಂದಿಲ್ಲ.

ನಿಮ್ಮ ಪೈಪಿನ ತವರು ಬಹುತೇಕ ಮಿಸ್ಸೂರಿ ನದಿಯ ದಡದಲ್ಲಿ, ಸೇಂಟ್ ಲೂಯಿಸ್‌ನಿಂದ ಪಶ್ಚಿಮಕ್ಕೆ ಸುಮಾರು 80 ಕಿ.ಮೀ. ದೂರದಲ್ಲಿರುವ ವಾಷಿಂಗ್ಟನ್ ಎಂಬ ಸಣ್ಣ ಊರು. ಹಾಲೆಂಡಿನಿಂದ ವಲಸೆ ಬಂದ ಹೆನ್ರಿ ಟಿಬ್ಬೆಯ ಕಸುಬು, ನಮ್ಮ ಚನ್ನಪಟ್ಟಣದವರಂತೆ, ಲೇತಿನಲ್ಲಿ ಮರ ಕಡೆಯುವುದು. ಅಲ್ಲಿನ ರೈತನೊಬ್ಬ ದಿಂಡನ್ನು ತಂದು ಪೈಪು ಕಡೆದುಕೊಡಲು ಕೇಳಿದನಂತೆ. 1869ರಲ್ಲಿ ವ್ಯಾಪಾರ ಶುರುವಾಯಿತು. 1878ರಲ್ಲಿ ಟಿಬ್ಬೆ ದಿಂಡಿಗೆ ಪ್ಲಾಸ್ಟರ್ ಮೆತ್ತುವ ವಿಧಾನಕ್ಕೆ ಪೇಟೆಂಟ್ ಪಡೆದ. ತುರ್ಕಿಯ ಎಸ್ಕಿಶೆಹಿರ್ ಬಳಿ ಸಿಗುವ ‘ಮೀರ್‌ಶಾಮ್’ ಎಂಬ ಹಗುರವಾದ ಬಿಳಿ ಖನಿಜದಿಂದ ಶ್ರೀಮಂತರ ಪೈಪುಗಳಾಗುತ್ತಿದ್ದವು. ಜರ್ಮನ್ ಭಾಷೆಯಲ್ಲಿ ಆ ಪದಕ್ಕೆ ಕಡಲ ನೊರೆ ಎಂದರ್ಥ. ಟಿಬ್ಬೆ ತನ್ನ ದಿಂಡನ್ನು ‘ಮಿಸ್ಸೂರಿ ಮೀರ್‌ಶಾಮ್’ ಎಂದು ಕರೆದ. ಬಡವನ ವಸ್ತುವಿಗೆ ಉಳ್ಳವರ ಹೆಸರನ್ನು ಇಷ್ಟು ಸಲೀಸಾಗಿ, ಸ್ವಲ್ಪ ತುಂಟತನದಿಂದ, ಇಟ್ಟ ಇನ್ನೊಬ್ಬ ವ್ಯಾಪಾರಿಯನ್ನು ನಾನರಿಯೆ.

ಇನ್ನು, ದಾವಣಗೆರೆಯವರಾದ ನಿಮಗೆ ರುಚಿಸಬೇಕಾದ ಸಂಗತಿಯೊಂದಿದೆ. ನಮ್ಮ ಮಾರುಕಟ್ಟೆಗೆ ಬರುವ ಹೈಬ್ರಿಡ್ ಮೆಕ್ಕೆಜೋಳದಲ್ಲಿ ಎಲ್ಲರ ಕಣ್ಣೂ ಕಾಳಿನ ಮೇಲೆಯೇ; ದಿಂಡು ಸಣ್ಣದಾದಷ್ಟೂ ರೈತನಿಗೆ ಲಾಭ. ಅಮೆರಿಕದಲ್ಲಿಯೂ ಹಾಗೆಯೇ ಆಯಿತು, ಮತ್ತು ಕಾಳಿನ ಇಳುವರಿ ಏರಿದಂತೆಲ್ಲ ಪೈಪಿಗೆ ಬೇಕಾದ ದಪ್ಪ ದಿಂಡು ಸಿಗದಾಯಿತು. ಆಗ ಮಿಸ್ಸೂರಿ ವಿಶ್ವವಿದ್ಯಾಲಯದವರು ಪೈಪಿಗೆಂದೇ ದಪ್ಪ, ಗಟ್ಟಿ ದಿಂಡಿನ ತಳಿಯೊಂದನ್ನು ಬೆಳೆಸಿಕೊಟ್ಟರು. ಟಿಬ್ಬೆ ಶುರುಮಾಡಿದ ಕಂಪನಿ ಅದನ್ನು ತಾನೇ ಬೆಳೆದು, ಕಾಳು ಬಿಡಿಸಿ, ದಿಂಡುಗಳನ್ನು ಸುಮಾರು ಎರಡು ವರ್ಷ ಒಣಗಲು ಬಿಟ್ಟು, ಆಮೇಲಷ್ಟೇ ಲೇತಿಗೆ ಕೊಡುತ್ತದೆ. ಪ್ರಪಂಚವೆಲ್ಲ ಕಾಳಿಗಾಗಿ ಬೆಳೆಯುವ ಬೆಳೆಯನ್ನು ಒಂದು ಊರು ದಿಂಡಿಗಾಗಿ ಬೆಳೆಯುತ್ತದೆ! ನನ್ನ ಬಾಲ್ಯದಲ್ಲಿ ದಿಂಡಿಗಿದ್ದ ಪರಮಪದವಿಯೆಂದರೆ ಸೀಮೆಎಣ್ಣೆ ಬಾಟಲಿಯ ಬಿರಡೆಯಾಗುವುದು. ಆ ಯೋಗವಿಲ್ಲದವು ನೇರವಾಗಿ ಬಚ್ಚಲೊಲೆಗೆ.

ದಿಂಡಿನ ಪೈಪಿನ ಹೆಸರೆತ್ತಿದರೆ ಎಲ್ಲರಿಗೂ ನೆನಪಾಗುವವರು ಎರಡನೆಯ ಮಹಾಯುದ್ಧದ ಕಾಲದ ಅಮೆರಿಕದ ಸೇನಾನಿ ಜನರಲ್ ಡಗ್ಲಸ್ ಮೆಕಾರ್ಥರ್. 1945ರ ಆಗಸ್ಟ್ 30ರಂದು ಜಪಾನಿನ ಅತ್ಸುಗಿ ವಿಮಾನ ನಿಲ್ದಾಣದಲ್ಲಿ ಅವರು ಇಳಿದಾಗ ಬಾಯಲ್ಲಿದ್ದದ್ದು ಇಂಥದೇ ಪೈಪು. ಆದರೆ ಅದರ ಗಾತ್ರವನ್ನು ನೋಡಿದರೆ ಸೇದಲು ಮಾಡಿದ್ದೋ ಛಾಯಾಗ್ರಾಹಕರಿಗೆಂದು ಮಾಡಿದ್ದೋ ಎಂಬ ಸಂಶಯ ನನಗಿದೆ. ನನ್ನ ಮಟ್ಟಿಗೆ ಅವರಿಗಿಂತ ಮಿಸ್ಸೂರಿಯಲ್ಲೇ ಹುಟ್ಟಿದ ಮಾರ್ಕ್ ಟ್ವೇನ್ ವಾಸಿ. ಹಣ, ಕೀರ್ತಿ ಎರಡೂ ಬಂದಿದ್ದ ಆ ಲೇಖಕರಿಗೆ ಯಾವ ಪೈಪು ಬೇಕಾದರೂ ಸಿಗುತ್ತಿತ್ತು, ಆದರೂ ದಿಂಡಿನದನ್ನು ಪ್ರೀತಿಸಿದರು.

ನನ್ನ ತಕರಾರು ಇರುವುದು ಇಲ್ಲಿಯೇ. ಅಗ್ಗದ ವಸ್ತು ಚೆನ್ನಾಗಿ ಕೆಲಸ ಮಾಡಿದರೆ ನಾವು ಅದನ್ನು ನಂಬುವುದಿಲ್ಲ. ಕಸವೆಂದು ಎಸೆಯುತ್ತೇವೆ ಅಥವಾ ‘ಪಾರಂಪರಿಕ’ ಎಂಬ ಚೀಟಿ ಅಂಟಿಸಿ ಬೆಲೆಯನ್ನು ಹತ್ತು ಪಟ್ಟು ಏರಿಸುತ್ತೇವೆ. ಅಜ್ಜಿ ನೆಲದ ಮೇಲೆ ಉರುಳಿಸಿಡುತ್ತಿದ್ದ ಮಣ್ಣಿನ ಮಡಕೆ ಈಗ ನಗರದ ಅಂಗಡಿಯಲ್ಲಿ ದೀಪದ ಕೆಳಗೆ ಕೂತಿದೆ, ಮುಟ್ಟಿದರೆ ಹುಡುಗಿಯೊಬ್ಬಳು ಓಡಿ ಬರುತ್ತಾಳೆ. ಕಂಬಳಿ, ಈಚಲು ಚಾಪೆ, ತಾಮ್ರದ ಚೊಂಬು, ಎಲ್ಲದರ ಹಣೆಬರಹವೂ ಇದೇ. ದಿಂಡಿನ ಪೈಪು ಮಾತ್ರ, ಜನರಲ್ ಕಚ್ಚಿದರೂ ವಿಶ್ವವಿದ್ಯಾಲಯ ತಳಿ ಬೆಳೆಸಿದರೂ, ಇಂದಿಗೂ ಕೆಲವೇ ಡಾಲರಿಗೆ ಸಿಗುತ್ತದೆ ಮತ್ತು ಸುಟ್ಟ ಮೇಲೆ ತಿಪ್ಪೆಗೆ ಹೋಗುತ್ತದೆ. ನೀವು ಕೇಳಿದ ಮೋಹಕ್ಕೆ ಕಾರಣ ಇದೇ ಎಂದು ನಾನು ತಿಳಿದಿದ್ದೇನೆ: ಅದರ ಯಜಮಾನ ಅದಕ್ಕೆ ಹೆದರಬೇಕಾಗಿಲ್ಲ. ಇದನ್ನೆಲ್ಲ ಬಲ್ಲ ಮೆಕ್ಕೆಜೋಳದ ಸೀಮೆಯವರಾದ ನೀವೇ ಅದನ್ನು ಗಾಜಿನ ಹಿಂದೆ ಇಟ್ಟರೆ ಹೇಗೆ?

ದಯವಿಟ್ಟು ಹೊರಗೆ ತೆಗೆಯಿರಿ. ಹೊಗೆಸೊಪ್ಪು ತುಂಬಬೇಡಿ, ಮೇಜಿನ ಮೇಲೆ ಪೆನ್ನುಗಳ ಜೊತೆ ಬಿದ್ದಿರಲಿ. ಬಟ್ಟಲಿನ ಹೊರಮೈಯನ್ನು ಹೆಬ್ಬೆರಳಿನಿಂದ ಸವರಿ, ಕಾಳು ಕಳಚಿದ ಗುಳಿಗಳಲ್ಲಿ ಪ್ಲಾಸ್ಟರ್ ತುಂಬಿದೆಯೋ ಅಥವಾ ಗುಳಿಗಳು ಹಾಗೆಯೇ ಕೈಗೆ ತಾಗುತ್ತವೆಯೋ ಎಂದು ನನಗೆ ಬರೆಯಿರಿ. ನಾನು ಬಿಸಾಡಿದ ಪೈಪು ಎರಡರಲ್ಲಿ ಯಾವ ಬಗೆಯದಾಗಿತ್ತೆಂದು ಎಷ್ಟು ಯೋಚಿಸಿದರೂ ನೆನಪಾಗುತ್ತಿಲ್ಲ.

– ಸಂಪಾದಕ